ಮಡಿಕೇರಿಯ ಪೆನ್ನಿ ಡಬ್ಬ: ತಾಮ್ರಕ್ಕೆ ಹೋಗಿ, ಬೆಳ್ಳಿಗೆ ಬೇಡ

ಈ ಹಳೇ ಸಾಮಾನಿನ ಅಂಗಡಿಗೆ ಬೋರ್ಡಿಲ್ಲ. ಮಡಿಕೇರಿ ಮಾರ್ಕೆಟ್ಟಿನ ಹಿಂದಿನ ಏರಿನಲ್ಲಿ ಕಲ್ಲಿನ ಮೆಟ್ಟಿಲು ಹತ್ತಿ, ಕೊಡೆ ರಿಪೇರಿಯವನನ್ನು ದಾಟಿದರೆ ಎಡಗಡೆ ಒಂದು ಹಸಿರು ಬಾಗಿಲು ಸಿಗುತ್ತದೆ. ಅದೇ. ಒಳಗೆ ಎರಡು ಗೋಡೆ ಗಡಿಯಾರ, ಎರಡೂ ನಿಂತಿವೆ. ಒಂದು ಪೆಟ್ರೋಮ್ಯಾಕ್ಸ್, ತುಕ್ಕು ಹಿಡಿದ ಪಲ್ಪರ್ ಚಕ್ರ, ದೊರೆಗಳ ಕಾಲದ ಹ್ಯಾಟ್ ಸ್ಟ್ಯಾಂಡು, ಅದಕ್ಕೆ ನೇತುಹಾಕಿದ ಮಾಲೀಕರ ಒದ್ದೆ ಜರ್ಕಿನ್. ಮೇಜಿನ ಕೆಳಗೆ ಅವರ ಕಾಲಿಗೆ ತಾಗುವ ಹಾಗೆ ಒಂದು ಹಳೇ ಬಿಸ್ಕತ್ತಿನ ತಗಡಿನ ಡಬ್ಬ ಇರುತ್ತದೆ. ಕೇಳದಿದ್ದರೆ ಅದನ್ನು ಹೊರಗೆ ತೆಗೆಯುವುದಿಲ್ಲ. ಬ್ರಿಟಿಷ್ ನಾಣ್ಯ ಕೂಡಿಸುವ ಹುಚ್ಚು ಇರುವವರಿಗೆ ಇಡೀ ಅಂಗಡಿಯಲ್ಲಿ ನೋಡಬೇಕಾದದ್ದು ಆ ಡಬ್ಬ ಒಂದೇ.

ನಾನು ಸುಂಟಿಕೊಪ್ಪ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕತೆ ಬರೆಯುವವನಲ್ಲ, ಚೆಕ್‌ರೋಲ್ ಬರೆಯುವವನು. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು, ಮಳೆ ಎಷ್ಟು ಇಂಚು ಎಷ್ಟು ಸೆಂಟು ಬಿತ್ತು, ಇದೇ ನನ್ನ ಸಾಹಿತ್ಯ. ಕೊಯ್ಲಿನ ದಿನಗಳಲ್ಲಿ ಸಂಜೆ ತಕ್ಕಡಿ ಮುಂದೆ ನಿಂತು ನಿಂತು, ಯಾವ ವಸ್ತು ಕಂಡರೂ ಮೊದಲು ತೂಗಿ ನೋಡುವ ಚಟ ಅಂಟಿದೆ. ನಾಣ್ಯದ ಹುಚ್ಚು ಹಿಡಿದದ್ದು ಮಾತ್ರ ನಮ್ಮ ಅಜ್ಜನಿಂದ. ಅವರು ಪೊಲಿಬೆಟ್ಟದ ಹತ್ತಿರ ಒಬ್ಬ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ದೊರೆ ಗಂಟುಮೂಟೆ ಕಟ್ಟಿ ಊರಿಗೆ ಹೊರಟಾಗ ಕೋಟಿನ ಜೇಬು, ಮೇಜಿನ ಡ್ರಾಯರು ಎಲ್ಲ ಕೊಡವಿ, ಬಿದ್ದ ಚಿಲ್ಲರೆಯನ್ನು ಒಂದು ಹೊಗೆಸೊಪ್ಪಿನ ಡಬ್ಬಿಗೆ ಹಾಕಿ ಅಜ್ಜನ ಕೈಗಿಟ್ಟನಂತೆ. ಏಳು ಪೆನ್ನಿ, ಎರಡು ಫಾರ್ದಿಂಗ್ (ಅಂದರೆ ಕಾಲು ಪೆನ್ನಿ), ಹಾಫ್ ಕ್ರೌನ್ ಎಂಬ 1944ರ ಒಂದು ಬೆಳ್ಳಿ ನಾಣ್ಯ. ಫಾರ್ದಿಂಗಿನ ಮೇಲೆ ಬಾಲ ನಿಗುರಿಸಿ ನಿಂತ ಒಂದು ಪುಟಾಣಿ ಹಕ್ಕಿ ಇದೆ, ರೆನ್ ಅಂತ. ಚಿಕ್ಕಂದಿನಲ್ಲಿ ನನಗೆ ಅದು ನಮ್ಮ ಬೇಲಿಯ ಟುವ್ವಿ ಹಕ್ಕಿಯೇ ಅನ್ನಿಸುತ್ತಿತ್ತು.

ಆ ಏಳು ಪೆನ್ನಿಗಳ ಗತಿ ಕೇಳಿ. ಒಂದು ಪುತ್ತರಿ ಹಬ್ಬಕ್ಕೆ ಮುಂಚೆ ಅಮ್ಮ ದೇವರ ಪಾತ್ರೆ ತೊಳೆಯುವಾಗ, ಕಪ್ಪಾಗಿವೆಯಲ್ಲ ಪಾಪ ಎಂದುಕೊಂಡು, ಅವನ್ನೂ ಹುಣಸೆಹಣ್ಣು ಬೂದಿ ಹಾಕಿ ಗಸಗಸ ಉಜ್ಜಿದರು. ನಾನು ಶಾಲೆಯಿಂದ ಬರುವಾಗ ಏಳೂ ಪೆನ್ನಿ ಅಂಗಳದಲ್ಲಿ ಹೊಸ ಚೊಂಬಿನ ಹಾಗೆ ಹೊಳೆಯುತ್ತಿದ್ದವು. ನಾನೂ ಕುಣಿದಾಡಿದೆ. ನೂರು ವರ್ಷದ ಕಂದು ಬಣ್ಣ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ, ಹಾಗೆ ತೊಳೆದ ನಾಣ್ಯವನ್ನು ಕೂಡಿಸುವವರು ಕಾಲು ಬೆಲೆಗೂ ಮುಟ್ಟುವುದಿಲ್ಲ ಅಂತ ಗೊತ್ತಾದದ್ದು ಮೂವತ್ತು ವರ್ಷದ ನಂತರ, ಇದೇ ಹಸಿರು ಬಾಗಿಲಿನ ಒಳಗೆ. ಮಾಲೀಕರಿಗೆ ತೋರಿಸಿದೆ. ಎಪ್ಪತ್ತು ದಾಟಿದವರು, ನಾನು ಮಾವ ಅಂತಲೇ ಕರೆಯುವುದು. ಒಂದು ಪೆನ್ನಿ ಎತ್ತಿ ಮೂಗಿನ ಹತ್ತಿರ ಹಿಡಿದು, "ಹುಣಸೆಹುಳಿ" ಅಂದರು. ಅಷ್ಟೇ.

ಡಬ್ಬದ ವಿಷಯಕ್ಕೆ ಬರುವ. ನಾನು ಕಳೆದ ಸಲ ಹೋದಾಗ ಪೆನ್ನಿ ಒಂದಕ್ಕೆ 60 ರೂಪಾಯಿ, ಹಾಫ್ ಪೆನ್ನಿಗೆ 40, ಯಾವ ಇಸವಿ ಆದರೂ ಒಂದೇ ದರ. ಆರಿಸಿಕೊಳ್ಳುವ ಸ್ವಾತಂತ್ರ್ಯ ಪೂರ್ತಿ ನಿಮ್ಮದು. ಬಾಗಿಲ ಬೆಳಕಿಗೆ ಒಂದು ಮೋಡ ಹಾಕಿ ಕೊಡುತ್ತಾರೆ (ಮೋಡ ಅಂದರೆ ಬೆತ್ತದ ಕುರ್ಚಿ, ಆಕಾಶದ್ದಲ್ಲ, ಅದು ಹೇಗೂ ಇರುತ್ತದೆ), ಹಿಡಿ ಮುರಿದ ಒಂದು ಭೂತಗನ್ನಡಿ ಕೊಡುತ್ತಾರೆ, ಅರ್ಧ ಗಂಟೆ ಕೂತಿರಿ ಅಂದರೆ ಬೆಲ್ಲದ ಕರಿ ಕಾಫಿ ಬರುತ್ತದೆ. ಬೇಗ ಆರಿಸಿ ಹೊರಡಿ ಎಂದು ಒಮ್ಮೆಯೂ ಹೇಳಿದವರಲ್ಲ. ಬೆಂಗಳೂರಿನ ಪ್ರದರ್ಶನಗಳಲ್ಲಿ ನಾನು ಕಂಡ ಹಾಗೆ ಪ್ಲಾಸ್ಟಿಕ್ಕಿನೊಳಗೆ ಹಾಕಿ ದೂರದಿಂದ ತೋರಿಸುವ ಪದ್ಧತಿ ಇಲ್ಲಿಲ್ಲ. ಕೈಯಲ್ಲಿ ಹಿಡಿಯಬಹುದು, ತೂಗಬಹುದು.

ಏಲಕ್ಕಿ ಸ್ಯಾಂಪಲ್ ತೂಗಲು ತಂದ ಅಂಗೈಯಷ್ಟು ಡಿಜಿಟಲ್ ತಕ್ಕಡಿ ಯಾವಾಗಲೂ ನನ್ನ ಚೀಲದಲ್ಲಿ ಇರುತ್ತದೆ. ತೂಗುವವನಿಗೆ ಬ್ರಿಟಿಷ್ ನಾಣ್ಯಗಳಷ್ಟು ಖುಷಿ ಕೊಡುವ ವಸ್ತು ಇನ್ನೊಂದಿಲ್ಲ. ತಾಮ್ರ ಅಂತ ನಾವು ಬಾಯಿ ಮಾತಿಗೆ ಹೇಳುವುದು; 1860ರ ನಂತರದ ಪೆನ್ನಿಗಳೆಲ್ಲ ಕಂಚು, ನೂರಕ್ಕೆ ಸುಮಾರು 95 ಪಾಲು ತಾಮ್ರ, ಉಳಿದದ್ದು ತವರ ಮತ್ತು ಸತು. ಮೂರು ಪೆನ್ನಿ ಇಟ್ಟರೆ ಸರಿಯಾಗಿ ಒಂದು ಔನ್ಸ್. ಹಾಫ್ ಪೆನ್ನಿ ಐದು, ಫಾರ್ದಿಂಗ್ ಹತ್ತು. ಬೆಳ್ಳಿಯ ಕಡೆಗೆ ಹೋದರೆ ಲೆಕ್ಕ ಇನ್ನೂ ಚಂದ: ಆರು ಪೆನ್ನಿಯ ಸಿಕ್ಸ್‌ಪೆನ್ಸ್ 2.83 ಗ್ರಾಂ, ಅದರ ಎರಡರಷ್ಟು ಶಿಲ್ಲಿಂಗ್, ಅದರ ಎರಡರಷ್ಟು ಫ್ಲಾರಿನ್, ಎರಡೂವರೆ ಶಿಲ್ಲಿಂಗಿನ ಹಾಫ್ ಕ್ರೌನ್ 14.14. ಬೆಲೆ ಎಷ್ಟೋ ತೂಕ ಅಷ್ಟೇ. ಒಂದು ಚೀಲದಲ್ಲಿ ಈ ಬೆಳ್ಳಿಯವನ್ನೆಲ್ಲ ಬೆರಕೆ ಮಾಡಿ ತೂಗಿದರೂ ಎಷ್ಟು ಹಣ ಎಂದು ಹೇಳಬಹುದು, ನಾವು ಹಣ್ಣಿನ ಚೀಲ ತೂಗಿ ಕೂಲಿ ಹೇಳುವ ಹಾಗೆ. ಹನ್ನೆರಡು ಪೆನ್ನಿಗೆ ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಪೌಂಡ್ ಎಂಬ ಆ ಗೋಜಲಿನ ಲೆಕ್ಕವನ್ನು ಅವರು 1971ರ ಫೆಬ್ರವರಿ 15ರವರೆಗೂ ಇಟ್ಟುಕೊಂಡಿದ್ದರು. ನಾವು ಆಣೆ ಪೈ ಬಿಟ್ಟು 1957ರಲ್ಲೇ ನಯಾ ಪೈಸೆಗೆ ಬಂದಿದ್ದೆವು. ಹದಿನಾಲ್ಕು ವರ್ಷ ಮುಂದೆ! ಇದನ್ನು ಮಾವನ ಹತ್ತಿರ ಹೇಳಿದರೆ ಪ್ರತಿ ಸಲವೂ ಮೊದಲ ಸಲ ಕೇಳಿದವರ ಹಾಗೆ ನಗುತ್ತಾರೆ.

ಈಗ ಬೆಳ್ಳಿಯ ಕತೆ. ಹೋದ ವರ್ಷ ಮೇ ತಿಂಗಳಲ್ಲಿ ಮಾವ ಒಂದು ಹಾಫ್ ಕ್ರೌನ್ ತೋರಿಸಿದರು. ಆರನೇ ಜಾರ್ಜ್, ಮುಖ ಸವೆದಿಲ್ಲ, ಅಂಚಿನ ಹಲ್ಲುಗಳೆಲ್ಲ ಸರಿ ಇವೆ. 1,500 ರೂಪಾಯಿ ಹೇಳಿದರು, ಬೆಳ್ಳಿ ದರ ಏರಿದೆ ರೈಟ್ರೇ ಅಂದರು. ತಕ್ಕಡಿ ತೆಗೆದು ಇಟ್ಟೆ. 14.12. ಅಜ್ಜನ ನಾಣ್ಯದಷ್ಟೇ ಅಗಲ, ಅದೇ ರಾಜ, ಅದೇ ಗುರಾಣಿ. ಇನ್ನೇನು ಬೇಕು? ದುಡ್ಡು ಎಣಿಸಿದೆ.

ಮನೆಗೆ ಬಂದು ಅಜ್ಜನ 1944ರ ನಾಣ್ಯದ ಪಕ್ಕ ಇಟ್ಟಾಗ ಏನೋ ಸರಿ ಕಾಣಲಿಲ್ಲ. ಅಜ್ಜನದ್ದಕ್ಕೆ ಹಳದಿ ಕಲೆತ ಬೂದು ಬಣ್ಣ. ಇದಕ್ಕೆ ಸ್ಟೀಲ್ ತಟ್ಟೆಯ ತಣ್ಣಗಿನ ಬಿಳಿ. ಕಡಪ ಕಲ್ಲಿನ ಮೇಲೆ ಬೀಳಿಸಿದರೆ ಅದರ ದನಿ ಬೇರೆ, ಇದರದ್ದು ಬೇರೆ. ಮರುದಿನ ಸುಂಟಿಕೊಪ್ಪದಲ್ಲಿ ಪರಿಚಯದ ಅಕ್ಕಸಾಲಿಗೆ ಕೊಟ್ಟೆ. ಒರೆಗೆ ಹಚ್ಚಿ ನೋಡಿ, "ಇದರಲ್ಲಿ ಬೆಳ್ಳಿ ಎಲ್ಲುಂಟು? ನಿಮ್ಮ ತಕ್ಕಡಿಯನ್ನೇ ಮಾರಿದರೆ ಹೆಚ್ಚು ಸಿಕ್ಕೀತು" ಅಂದ.

ತಪ್ಪು ಇಸವಿಯಲ್ಲಿತ್ತು. 1947. ಬ್ರಿಟಿಷರ ಬೆಳ್ಳಿ ನಾಣ್ಯ 1919ರವರೆಗೆ ನೂರಕ್ಕೆ 92.5 ಬೆಳ್ಳಿ. 1920ರಿಂದ 1946ರವರೆಗೆ ಅರ್ಧ ಬೆಳ್ಳಿ. ಎರಡನೇ ಯುದ್ಧದಲ್ಲಿ ಅಮೆರಿಕದಿಂದ ಕಡ ತಂದ ಬೆಳ್ಳಿಯನ್ನು ಬೆಳ್ಳಿಯಾಗಿಯೇ ತೀರಿಸಬೇಕಾಗಿ ಬಂದದ್ದರಿಂದ 1947ರಲ್ಲಿ ಪೂರ್ತಿ ತೆಗೆದುಬಿಟ್ಟರು. ಆಮೇಲಿನದ್ದೆಲ್ಲ ತಾಮ್ರ ನಿಕ್ಕಲ್ ಮಿಶ್ರಣ. ಆದರೆ ತೂಕ ಮಾತ್ರ ಬದಲಿಸಲಿಲ್ಲ, ಅದೇ 14.14! ಇಪ್ಪತ್ತೆರಡು ವರ್ಷ ತಕ್ಕಡಿ ಮುಂದೆ ನಿಂತವನನ್ನು ಬೀಳಿಸಲು ತೂಕವೇ ಬೇಕಾಯಿತು ನೋಡಿ. 1946ರ ನಾಣ್ಯವೊಂದರಲ್ಲಿ ಏಳು ಗ್ರಾಂ ಅಪ್ಪಟ ಬೆಳ್ಳಿ ಇದ್ದರೆ, ಒಂದೇ ವರ್ಷ ಕಿರಿಯದಾದ ಅದರ ತಮ್ಮನಲ್ಲಿ ಚೂರೂ ಇಲ್ಲ.

ಶುಕ್ರವಾರ ಸಂತೆಯ ದಿನ ಮತ್ತೆ ಮೆಟ್ಟಿಲು ಹತ್ತಿದೆ. ಮಾವ ನಾಣ್ಯ ನೋಡಿದರು, ನನ್ನ ಮುಖ ನೋಡಿದರು. "ರಾಜ ಅವನೇ, ತೂಕ ಅದೇ. ನನಗೆಂತ ಗೊತ್ತು?" ಅಂದರು. ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತೀರ್ಮಾನಕ್ಕೆ ಬರಲಾಗಿಲ್ಲ. ನಲವತ್ತು ವರ್ಷದಿಂದ ಹಳೇ ಸಾಮಾನು ಮಾರುವವರಿಗೆ 1947 ಗೊತ್ತಿಲ್ಲ ಅಂದರೆ ನಂಬುವುದು ಕಷ್ಟ. ಆದರೆ ಅವರು ಹೇಳಿದ ಧಾಟಿಗೆ ನಂಬದಿರುವುದೂ ಕಷ್ಟ. ದುಡ್ಡು ವಾಪಸ್ ಇಲ್ಲ, ಬದಲಿ ತೆಗೆದುಕೊಳ್ಳಿ ಎಂದು ಡಬ್ಬವನ್ನು ಕಾಲಿನಿಂದಲೇ ನನ್ನ ಕಡೆ ನೂಕಿದರು. 1,500 ಭಾಗ 60. ಇಪ್ಪತ್ತೈದು ಪೆನ್ನಿ.

ಹೊರಗೆ ಮಳೆ ಹಿಡಿದಿತ್ತು. ಕರೆಂಟ್ ಇರಲಿಲ್ಲ. ಮೊಬೈಲ್ ಟಾರ್ಚನ್ನು ಗಡಿಯಾರದ ಮೇಲೆ ಒರಗಿಸಿ ಎರಡೂವರೆ ಗಂಟೆ ಕೂತೆ. ಸಿಟ್ಟಿನಲ್ಲಿ ಶುರು ಮಾಡಿದವನಿಗೆ ಹತ್ತನೇ ಪೆನ್ನಿ ಹೊತ್ತಿಗೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೊದಲು ಮುಖಗಳನ್ನು ಬೇರೆ ಮಾಡಿದೆ. ವಿಕ್ಟೋರಿಯಾ ಎಡಕ್ಕೆ ನೋಡುತ್ತಾಳೆ, ಮಗ ಎಡ್ವರ್ಡ್ ಬಲಕ್ಕೆ, ಅವನ ಮಗ ಐದನೇ ಜಾರ್ಜ್ ಮತ್ತೆ ಎಡಕ್ಕೆ. ಸಿಂಹಾಸನ ಬದಲಾದಂತೆ ಮುಖವೂ ತಿರುಗಬೇಕು ಎಂಬುದು ಅವರ ಸಂಪ್ರದಾಯ. ಎಂಟನೇ ಎಡ್ವರ್ಡ್ ಮಾತ್ರ ನನ್ನ ಎಡ ಮುಖವೇ ಚಂದ ಎಂದು ಹಟ ಹಿಡಿದವನು, ನಾಣ್ಯ ಚಲಾವಣೆಗೆ ಬರುವ ಮೊದಲೇ 1936ರಲ್ಲಿ ಪಟ್ಟವನ್ನೇ ಬಿಟ್ಟ. ಅವನು ಬಲಕ್ಕೆ ತಿರುಗಿದ್ದನೆಂದೇ ಭಾವಿಸಿ ತಮ್ಮ ಆರನೇ ಜಾರ್ಜನನ್ನು ಎಡಕ್ಕೆ ಕೂರಿಸಿದರು. ಎಲಿಜಬೆತ್ ಬಲ, ಈಗಿನ ಚಾರ್ಲ್ಸ್ ಎಡ.

ಹನ್ನೊಂದೋ ಹನ್ನೆರಡೋ ಪೆನ್ನಿ ಆದ ಮೇಲೆ 1912ರದ್ದು ಒಂದು ಸಿಕ್ಕಿತು. ಹಿಂಬದಿಯಲ್ಲಿ ಕೂತ ಬ್ರಿಟಾನಿಯಾಳ (ಬ್ರಿಟನ್ ದೇಶವನ್ನೇ ಹೆಣ್ಣಾಗಿ ಬಿಡಿಸಿದ ಚಿತ್ರ) ಕಾಲ ಕೆಳಗೆ ಇಸವಿ ಇದೆಯಲ್ಲ, ಅದರ ಎಡಕ್ಕೆ ಎಳ್ಳಿನಷ್ಟು ದೊಡ್ಡ ‘ಎಚ್’ ಅಕ್ಷರ. ಲಂಡನ್ನಿನ ಟಂಕಸಾಲೆಗೆ ಕೆಲಸ ಹೆಚ್ಚಾಗಿ ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿಗೆ ವಹಿಸಿ ಹೊಡೆಸಿದ್ದಕ್ಕೆ ಗುರುತು. 1918, 1919ರಲ್ಲಿ ಹೀಟನ್ ಜೊತೆ ಕಿಂಗ್ಸ್ ನಾರ್ಟನ್ ಎಂಬ ಇನ್ನೊಂದು ಕಾರ್ಖಾನೆಯ ‘ಕೆಎನ್’ ಗುರುತಿನವೂ ಬಂದವು. ಅವು ಸಿಕ್ಕರೆ ಬಿಡಬೇಡಿ. ಎಚ್ ಕಂಡೆ ಎಂದು ಮಾವನಿಗೆ ಹೇಳಿದೆ, ಹೇಳಬಾರದಿತ್ತು. ಭೂತಗನ್ನಡಿ ಇಸಿದುಕೊಂಡು ನೋಡಿ, "ಇದಕ್ಕೆ ನೂರು ಕೇಳಬೇಕಿತ್ತು" ಅಂದರು. ಕೇಳಲಿಲ್ಲ.

ಆದರೆ ಆ ದಿನ ನನ್ನನ್ನು ಹಿಡಿದು ಕೂರಿಸಿದ್ದು ಅದಲ್ಲ. ಯಾವ ವಿಶೇಷವೂ ಇಲ್ಲದ, ಡಬ್ಬದಲ್ಲಿ ಬೇಕಾದಷ್ಟು ಇರುವ ಎರಡು ಪೆನ್ನಿ. ಒಂದು 1948, ಇನ್ನೊಂದು 1949. ಎರಡರಲ್ಲೂ ಆರನೇ ಜಾರ್ಜ್. 48ರ ಪೆನ್ನಿಯಲ್ಲಿ ರಾಜನ ತಲೆಯ ಸುತ್ತ ಬರುವ ಲ್ಯಾಟಿನ್ ಸಾಲು ‘ಇಂಡ್ ಇಂಪ್’ ಎಂದು ಮುಗಿಯುತ್ತದೆ, ಇಂಡಿಯಾದ ಚಕ್ರವರ್ತಿ ಎಂಬುದರ ಮೊಟಕು ರೂಪ. 1893ರಿಂದ ಬ್ರಿಟನ್ನಿನ ನಾಣ್ಯದ ಮೇಲೆ ಆ ಮಾತು ಬರುತ್ತಿತ್ತು. ನಾವು 1947ರ ಆಗಸ್ಟಿನಲ್ಲಿ ಸ್ವತಂತ್ರರಾದರೂ 48ರ ಪೆನ್ನಿಯ ಮೇಲೆ ಅವನು ಇನ್ನೂ ನಮ್ಮ ಚಕ್ರವರ್ತಿಯೇ. 49ಕ್ಕೆ ಬಂದರೆ ಆ ಎರಡು ಪದ ಇಲ್ಲ. ಅದರ ಹಿಂದೆ ‘ಎಫ್ ಡಿ’ ಎಂದು ಮೊಟಕಾಗಿದ್ದ ಧರ್ಮರಕ್ಷಕ ಎಂಬ ಬಿರುದನ್ನು ‘ಫಿಡೆಇ ಡೆಫ್’ ಎಂದು ಉದ್ದ ಮಾಡಿ ಜಾಗ ತುಂಬಿಸಿದ್ದಾರೆ. ನಮ್ಮ ಅಜ್ಜ ಆ ಇಸವಿಗಳಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ದೊರೆಗೆ ಟೀ ಕೊಂಡುಹೋಗುತ್ತಿದ್ದರು. ಎರಡು ಪೆನ್ನಿ ಅಂಗೈಯಲ್ಲಿಟ್ಟುಕೊಂಡು ಟಾರ್ಚಿನ ಬೆಳಕಲ್ಲಿ ಎಷ್ಟು ಹೊತ್ತು ನೋಡಿದೆನೋ, ಬ್ಯಾಟರಿ ಕೆಂಪು ತೋರಿಸಿತು. 120 ರೂಪಾಯಿಯ ಮಾಲು.

ಇನ್ನು ಕೆಲವು ವಿಷಯ ಬೇಗ ಹೇಳಿಬಿಡುತ್ತೇನೆ. ಗಾಜಿನ ಪೆಟ್ಟಿಗೆಯಲ್ಲಿ ಪ್ರವಾಸಿಗರ ಕಣ್ಣಿಗೆ ಬೀಳುವ ಹಾಗೆ ಇಟ್ಟಿರುವ, ಒಂದು ಕಡೆ ರಾಮನ ಪಟ್ಟಾಭಿಷೇಕ ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ದಪ್ಪ ಬಿಲ್ಲೆಗಳನ್ನು ಮುಟ್ಟಬೇಡಿ. ಕಂಪನಿ ಅಂಥ ನಾಣ್ಯವನ್ನು ಹೊಡೆಸಿಯೇ ಇಲ್ಲ. ಮಾವನನ್ನೇ ಕೇಳಿ, "ಅದು ಟೂರಿಸ್ಟ್ ಮಾಲು ಮಾರಾಯ" ಎಂದು ಒಪ್ಪಿಕೊಳ್ಳುತ್ತಾರೆ, ಆದರೆ ಕೇಳಿದವರಿಗೆ ಮಾತ್ರ. ರಾಜಾಸೀಟು ನೋಡಿ ಇಳಿದು ಬಂದ ಹುಡುಗರಿಬ್ಬರು 500 ಕೊಟ್ಟು ಒಯ್ದದ್ದನ್ನು ನಾನೇ ಕಂಡೆ. ಇದು ನನಗೆ ಇಷ್ಟವಾಗಲಿಲ್ಲ, ಮಾವನಿಗೂ ಹೇಳಿದ್ದೇನೆ. ಹಾಗೆಯೇ ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತಾರಂತೆ ಎಂದು ಮೊಬೈಲ್ ವಿಡಿಯೋ ಹಿಡಿದು ಬರುವವರೂ ಇದ್ದಾರೆ. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯದ ವ್ಯವಹಾರದಲ್ಲಿ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು 2021ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿತ್ತು. ಅಂಥವರಿಗೆ ಮಾವ ತಾಳ್ಮೆಯಿಂದ ಅದನ್ನು ಹೇಳಿ ಕಳಿಸುವುದನ್ನೂ ನೋಡಿದ್ದೇನೆ.

ಇನ್ನೊಂದು ಜಾಡಿಯಲ್ಲಿ ಈಚಿನ ಚಿಲ್ಲರೆ ಇದೆ, ಲಂಡನ್ನಿನಲ್ಲಿ ನರ್ಸು ಕೆಲಸಕ್ಕೆ ಹೋದವರ ಮನೆಗಳಿಂದ ಬಂದದ್ದು. ಏಳು ಮೂಲೆಯ 50 ಪೆನ್ಸುಗಳನ್ನು ಕೆದಕಿ ನೋಡಿ. 2009ರ ಕ್ಯೂ ಗಾರ್ಡನ್ಸ್ ನಾಣ್ಯ, ಅದರ ಮೇಲೆ ಪಗೋಡಾ ಇರುತ್ತದೆ, ಹೊಡೆದದ್ದೇ 2,10,000. ನನಗೆ ಇನ್ನೂ ಸಿಕ್ಕಿಲ್ಲ. ದುಂಡನೆಯ ಒಂದು ಪೌಂಡಿಗೆ ಮಾವ ಆ ದಿನದ ಪೌಂಡಿನ ದರವನ್ನೇ ಹೇಳುತ್ತಾರೆ. 2017ರ ಅಕ್ಟೋಬರ್ 15ಕ್ಕೆ ಅದರ ಚಲಾವಣೆ ಮುಗಿದಿದೆ ಎಂದು ನೆನಪಿಸಿ, ಅರ್ಧಕ್ಕಿಳಿಯುತ್ತದೆ.

ಆಲ್ಬಮ್? ಬೇಡವೇ ಬೇಡ. 450 ಕೊಟ್ಟು ತಂದೆ, ಮೆತ್ತಗಿನ ಪ್ಲಾಸ್ಟಿಕ್ ಹಾಳೆಯದ್ದು, ತೆರೆದರೆ ಹೊಸ ರೈನ್‌ಕೋಟಿನ ವಾಸನೆ. ಆ ಜುಲೈಯಲ್ಲಿ ನಮ್ಮ ತೋಟದ ಮಾಪಕದಲ್ಲಿ 31 ಇಂಚು ಬಿತ್ತು, ಚಾಪೆಗೂ ಚಪ್ಪಲಿಗೂ ಬೂಸ್ಟು. ಸೆಪ್ಟೆಂಬರಿನಲ್ಲಿ ಆಲ್ಬಮ್ ಬಿಡಿಸಿದರೆ ಪೆನ್ನಿಗಳ ಮೇಲೆ ಹಸಿರು ಅಂಟು, ಲೋಳೆಸರ ಹಚ್ಚಿದ ಹಾಗೆ. ಅದು ಪಿವಿಸಿ ಪ್ಲಾಸ್ಟಿಕ್ ಬಿಡುವ ವಿಷ, ನಮ್ಮ ತೇವದ ಊರಿನಲ್ಲಿ ಇನ್ನೂ ಬೇಗ ಬಿಡುತ್ತದೆ. ಶುದ್ಧ ಅಸಿಟೋನ್ ತಂದು ಗಾಜಿನ ಲೋಟದಲ್ಲಿ ಅದ್ದಿ ಅಂಟು ಬಿಡಿಸಬೇಕಾಯಿತು, ಉಜ್ಜದೆ, ಬಾಗಿಲು ಕಿಟಕಿ ತೆರೆದಿಟ್ಟು, ಒಲೆ ಆರಿಸಿ. ಅಮ್ಮ ಹೊಸ್ತಿಲಲ್ಲಿ ನಿಂತು, "ಹುಣಸೆಹಣ್ಣು ಕೊಡಲಾ?" ಅಂದರು. ತಮಾಷೆಗೇ ಅಂದದ್ದು ಅಂದುಕೊಂಡಿದ್ದೇನೆ. ಈಗ ಮೈಲಾರ್ ಎಂಬ ಪಿವಿಸಿ ಅಲ್ಲದ ಪ್ಲಾಸ್ಟಿಕ್ ಕಿಟಕಿಯ ರಟ್ಟಿನ ಚೌಕಗಳನ್ನು ಅಂಚೆಯಲ್ಲಿ ತರಿಸುತ್ತೇನೆ, ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿಟ್ಟು ಜೊತೆಗೆ ನೀಲಿ ಸಿಲಿಕಾ ಜೆಲ್ ಹಾಕುತ್ತೇನೆ. ಜೆಲ್ ಗುಲಾಬಿಗೆ ತಿರುಗಿದರೆ ಬದಲಿಸುವುದು. ಮಳೆಗಾಲದಲ್ಲಿ ಹತ್ತು ದಿನಕ್ಕೇ ತಿರುಗುತ್ತದೆ.

ಬಿಟ್ಟಿ ಸೇವೆ ಒಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಮದುವೆ ಕಾಲದಲ್ಲಿ ಕೊಡವ ಮನೆಯವರು ಪತ್ತಾಕ್ ಎಂಬ ಕೊರಳ ಪದಕ ತಂದು ಅದರ ಪವನ್ ಯಾವುದೆಂದು ತೋರಿಸುತ್ತಾರೆ. ಹೆಡೆ ಎತ್ತಿದ ಹಾವು, ಸುತ್ತ ಕೆಂಪು ಕಲ್ಲು, ನಡುವೆ ಬ್ರಿಟಿಷರ ಚಿನ್ನದ ಸಾವರಿನ್. ಸಾವರಿನ್ನಿನ ತೂಕ 7.98 ಗ್ರಾಂ, ನಮ್ಮ ಚಿನ್ನದಂಗಡಿಗಳಲ್ಲಿ ಪವನ್ ಅಂದರೆ ಎಂಟು ಗ್ರಾಂ ಎನ್ನುವುದು ಅಲ್ಲಿಂದಲೇ. ಒಂದು ದಿನ ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟ ಪತ್ತಾಕನ್ನು ಮಾವ ಭೂತಗನ್ನಡಿಯ ಕೆಳಗೆ ಹಿಡಿದು ನನ್ನನ್ನೂ ಕರೆದರು. ಸಂತ ಜಾರ್ಜನ ಕುದುರೆ, ಕೆಳಗೆ ಬಿದ್ದ ಘಟಸರ್ಪ, ನೆಲದ ಗೆರೆಯಲ್ಲಿ 1918ರ ಮೇಲೆ ಕೂದಲೆಳೆಯಂಥ ಒಂದು ‘ಐ’. ಇಂಡಿಯಾದ ಐ. ಲಂಡನ್ ಟಂಕಸಾಲೆಯ ಶಾಖೆಯೊಂದು ಬೊಂಬಾಯಿಯಲ್ಲಿ ತೆರೆದು ಸಾವರಿನ್ ಹೊಡೆದದ್ದು ಆ ಒಂದೇ ವರ್ಷದ ಇಸವಿಯಲ್ಲಿ. ಅಜ್ಜಿಗೆ ಅದನ್ನು ವಿವರಿಸಿದರೆ, "ಚಿನ್ನ ಹೌದು ತಾನೇ?" ಅಂತ ಒಂದೇ ಪ್ರಶ್ನೆ. ಹೌದು ಅಂದರು. ಕಾಸು ಮುಟ್ಟಲಿಲ್ಲ, ಮಾರಿರಿ ಎಂದೂ ಕೇಳಲಿಲ್ಲ. ಬೆಳ್ಳಿಯಲ್ಲಿ ನನಗೆ ಟೋಪಿ ಹಾಕಿದವರೂ ಇವರೇ ಎಂದು ನೆನೆದು ಸುಮ್ಮನೆ ಕೂತಿದ್ದೆ.

ಅಂಕ ಕೊಡಲೇಬೇಕೆಂದರೆ: ಪೆನ್ನಿ ಡಬ್ಬಕ್ಕೆ ಐದಕ್ಕೆ ನಾಲ್ಕೂವರೆ, ಬೆಳ್ಳಿಗೆ ಒಂದು, ಆಲ್ಬಮ್ಮಿಗೆ ಸೊನ್ನೆ, ಕಾಫಿಗೆ ಐದು. ಶುಕ್ರವಾರ ಬೆಳಿಗ್ಗೆ ಹನ್ನೊಂದರ ನಂತರ ಹೋಗಿ. ಊಟದ ಹೊತ್ತಿಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಅವರ ಮರ್ಜಿ. ಯುಪಿಐ ಇಲ್ಲ, ನೋಟು ಒಯ್ಯಿರಿ. ಬೆಳ್ಳಿ ಕೊಳ್ಳುವುದೇ ಆದರೆ ತಕ್ಕಡಿ ಮನೆಯಲ್ಲಿ ಬಿಟ್ಟು ಕನ್ನಡಕ ಒಯ್ಯಿರಿ, ಇಸವಿ ಓದಲು.

ನಾನು ಈಗ ಕಣ್ಣಿಟ್ಟಿರುವುದು ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿರುವ 1858ರ ಒಂದು ದೊಡ್ಡ ಪೆನ್ನಿಯ ಮೇಲೆ. ಕಂಚಿಗೆ ಬರುವ ಮೊದಲಿನದ್ದು, ಅಪ್ಪಟ ತಾಮ್ರ, 18.6 ಗ್ರಾಂ ತೂಗಿತು, ಆಮೇಲಿನ ಪೆನ್ನಿಯ ಎರಡರಷ್ಟು. ಅದರ ಮೇಲೆ ಹರೆಯದ ವಿಕ್ಟೋರಿಯಾ, ಕೂದಲಿಗೆ ಪಟ್ಟಿ ಕಟ್ಟಿದವಳು. 1834ರಲ್ಲಿ ಪಟ್ಟ ಕಳೆದುಕೊಂಡ ನಮ್ಮ ಚಿಕ್ಕವೀರರಾಜ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಮಗಳ ಕ್ರೈಸ್ತ ದೀಕ್ಷೆಗೆ ಇದೇ ರಾಣಿ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು. ರಾಜ ಕಂಪನಿಯಿಂದ ತನ್ನ ದುಡ್ಡು ಬರಬೇಕೆಂದು ಅಲ್ಲಿ ಕೋರ್ಟು ಹತ್ತಿದವನು, 1859ರಲ್ಲಿ ಅಲ್ಲೇ ತೀರಿಕೊಂಡ. 1858ರಲ್ಲಿ ಲಂಡನ್ನಿನ ಅಂಗಡಿಯಲ್ಲಿ ಅವನ ಆಳಿನ ಕೈಗೆ ಚಿಲ್ಲರೆಯಾಗಿ ಬಂದಿರಬಹುದಾದದ್ದು ಇಂಥದೇ ಪೆನ್ನಿ.

ಈ ಕತೆಯನ್ನು ಮಾವನಿಗೆ ಹೇಳಿದ್ದು ನನ್ನ ಎರಡನೇ ದೊಡ್ಡ ತಪ್ಪು. ಆಗ ಅದರ ಬೆಲೆ 900 ಇತ್ತು. ಮುಂದಿನ ಶುಕ್ರವಾರ ಹೋದರೆ ಪೆನ್ನಿಯ ಕೆಳಗೆ ಕೆಂಪು ವೆಲ್ವೆಟ್ ತುಂಡು ಬಂದಿತ್ತು, ಬೆಲೆ 1,400. ಏನು ಮಾವ ಇದು ಅಂದೆ. "ರಾಜನ ಪೆನ್ನಿ ರೈಟ್ರೇ" ಅಂದರು, "ಮಳೆ ಬಿಡಲಿ, ಮಾತಾಡುವ."